ಎತ್ತಿದ ನೀರು ಇಳಿಯುವಾಗ

2022ರ ಸೆಪ್ಟೆಂಬರ್‌ನಲ್ಲಿ ಹಿರಿಯೂರು ಬಳಿಯ ಮಾರಿಕಣಿವೆ ಕಟ್ಟೆ ಕೋಡಿ ಬಿತ್ತು. 1933ರ ನಂತರ ಅದೇ ಮೊದಲು. 2025ರ ಜನವರಿಯಲ್ಲಿ ಮತ್ತೆ ಬಿತ್ತು. ಬಾಗಿನ ಬಿಟ್ಟೆವು, ಸಂಭ್ರಮಪಟ್ಟೆವು. ಆದರೆ ತೂಬಿನಿಂದ ನಾಲೆಗೆ ಧುಮುಕುವ ನೀರಿನ ಬಲವೆಲ್ಲ ಬರೀ ನೊರೆಯಾಗಿ ಯಾಕೆ ಹೋಗಬೇಕು ಎಂದು ಇನ್ನೂ ಗಟ್ಟಿಯಾಗಿ ಕೇಳಿಲ್ಲ.

ಮೈಸೂರು ಸರ್ಕಾರ ಶಿವನಸಮುದ್ರದ ಕರೆಂಟನ್ನು ಕೋಲಾರದ ಚಿನ್ನದ ಗಣಿಗೆ ಕಳಿಸಿದ್ದು 1902ರಲ್ಲಿ. ಆಗ ಅದೇ ಸರ್ಕಾರ ವೇದಾವತಿಗೆ ಈ ಕಟ್ಟೆ ಕಟ್ಟುತ್ತಿತ್ತು. 1907ರಲ್ಲಿ ಕೆಲಸ ಮುಗಿಯಿತು. ಕಟ್ಟಿದ್ದು ನೀರಾವರಿಗೆ. ಮಳೆಗಾಲದ ಹೊಳೆಯನ್ನು ನಂಬಿ ವರ್ಷವಿಡೀ ಕರೆಂಟಿನ ಯಂತ್ರ ತಿರುಗಿಸಲಾಗದು, ನಿಜ. ನಾಲೆಗೆ ನೀರು ಬಿಟ್ಟಷ್ಟು ದಿನವಾದರೂ ತಿರುಗಬಹುದಲ್ಲ?

ಲೆಕ್ಕ ಸುಲಭ. ನೂರು ಕ್ಯೂಸೆಕ್ ನೀರು 70 ಅಡಿ ಎತ್ತರದಿಂದ ಇಳಿದರೆ, ನಷ್ಟ ಕಳೆದು, ಸುಮಾರು 400 ಕಿಲೋವ್ಯಾಟ್ ಸಿಗುತ್ತದೆ. ಐದು ಎಚ್‌ಪಿಯ ನೂರು ಪಂಪುಗಳಿಗೆ ಅಷ್ಟು ಸಾಕು. ಕಟ್ಟೆಯ ಪೂರ್ಣ ಮಟ್ಟ 130 ಅಡಿ. ನೀರು ತೂಬಿನ ಮಟ್ಟಕ್ಕೆ ಇಳಿಯುತ್ತ ಬಂದಂತೆ ಕರೆಂಟೂ ಇಳಿಯುತ್ತದೆ, ಬರಗಾಲದಲ್ಲಿ ನಿಂತೇಹೋಗುತ್ತದೆ. ಇದನ್ನು ಮುಚ್ಚಿಟ್ಟು ಯೋಜನೆ ಮಾಡಬಾರದು.

ಆದರೆ ಭದ್ರಾ ಮೇಲ್ದಂಡೆ ಯೋಜನೆ ಬಂದ ಮೇಲೆ ಲೆಕ್ಕ ಬದಲಾಗಿದೆ. ಭದ್ರೆಯ ನೀರನ್ನು ಪಂಪಿನಿಂದ ಎತ್ತಿ ಅಜ್ಜಂಪುರದ ಸುರಂಗ ದಾಟಿಸುತ್ತಾರೆ. 2019ರಿಂದ ಅದು ವೇದಾವತಿಯಲ್ಲಿ ಹರಿದು ಮಾರಿಕಣಿವೆ ಸೇರುತ್ತಿದೆ. ಒಂದು ಟಿಎಂಸಿ ನೀರನ್ನು ಒಂದೇ ಒಂದು ಮೀಟರ್ ಎತ್ತಲು ಕನಿಷ್ಠ 77 ಸಾವಿರ ಯೂನಿಟ್ ಬೇಕು. ಪಂಪಿನ ನಷ್ಟ ಸೇರಿದರೆ ಲಕ್ಷದ ಆಸುಪಾಸು. ಹೀಗೆ ಕರೆಂಟು ಸುರಿದು ತಂದ ನೀರು ಇಳಿಯುವಾಗ ಆ ಸಾಲದಲ್ಲಿ ಒಂದು ಪಾಲನ್ನಾದರೂ ತೀರಿಸಲಿ.

ನನಗೆ ಬಹಳ ಮುಖ್ಯವೆನಿಸುವುದು ಕಾಲದ ಹೊಂದಾಣಿಕೆ. ಮೇಲ್ದಂಡೆ ನೀರು ಎತ್ತುವುದು ಮಳೆಗಾಲದಲ್ಲಿ. ಚಿತ್ರದುರ್ಗದ ಜೋಗಿಮಟ್ಟಿ ಸಾಲಿನ ಗಾಳಿಯಂತ್ರಗಳು ಭರ್ರೆಂದು ತಿರುಗುವುದೂ ಆಷಾಢದ ಗಾಳಿಗೇ. ಬೇಸಿಗೆಯಲ್ಲಿ ಗಾಳಿ ಸೋತಾಗ ಹಿರಿಯೂರಿನ ತೆಂಗು, ಅಡಿಕೆ ತೋಟಗಳಿಗೆ ನಾಲೆ ಬಿಡುತ್ತಾರೆ. ಆಷಾಢದ ಗಾಳಿ ಎತ್ತಿಕೊಟ್ಟ ನೀರು ಚೈತ್ರದಲ್ಲಿ ಕರೆಂಟು ಕೊಡಬಹುದು. ಗಾಳಿಯೂ ಕಟ್ಟೆಯೂ ಒಂದೇ ಜಿಲ್ಲೆಯಲ್ಲಿರುವ ಈ ಭಾಗ್ಯ ಎಷ್ಟು ಊರಿಗಿದೆ?

ಕಿರು ಜಲವಿದ್ಯುತ್ ಎಂದರೆ ಮಲೆನಾಡಿನವರು ಬೆಚ್ಚುತ್ತಾರೆ. ಸರ್ಕಾರದ ಲೆಕ್ಕದಲ್ಲಿ 25 ಮೆಗಾವ್ಯಾಟ್‌ವರೆಗೂ ಅದು ಕಿರಿದೇ. ಆ ಹೆಸರಿನಲ್ಲಿ ಅಲ್ಲಿ ಹೊಳೆ ತಿರುಗಿಸಿದ್ದಾರೆ, ಕಾಡು ಕಡಿದಿದ್ದಾರೆ. ಇಲ್ಲಿ ಹೊಸದಾಗಿ ಮುಳುಗಿಸುವುದೇನೂ ಇಲ್ಲ. ನಮ್ಮ ರೈತರ ಆತಂಕ ಬೇರೆ: ಕರೆಂಟಿನ ಆಸೆಗೆ ನೀರು ತಡೆದರೆ? ಆ ಆತಂಕ ನ್ಯಾಯವಾದದ್ದು. ನೀರು ಬಿಡುವ ದಿನ ಬೆಳೆ ನೋಡಿಯೇ ನಿರ್ಧಾರವಾಗಬೇಕು, ಹಾಗೆಂದು ಕರಾರಿನಲ್ಲೇ ಬರೆಯಬೇಕು. ಬಂದ ಆದಾಯದಲ್ಲಿ ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಪಾಲಿರಬೇಕು. ನಾಲೆಯ ಹೂಳೆತ್ತಲು ಅವು ಪ್ರತಿ ಸಲ ಕೈಚಾಚುವುದು ತಪ್ಪುತ್ತದೆ.

ಹೊಸದುರ್ಗ, ಹೊಳಲ್ಕೆರೆ ದಾಟಿ ಚಿತ್ರದುರ್ಗಕ್ಕೆ ಬರುವ ಮೇಲ್ದಂಡೆ ಶಾಖಾ ಕಾಲುವೆಯ ವಿಷಯದಲ್ಲಂತೂ ತಡ ಮಾಡುವಂತಿಲ್ಲ. ಕಾಂಕ್ರೀಟ್ ಬಿದ್ದ ಮೇಲೆ ಒಡೆದು ಟರ್ಬೈನ್ ಕೂರಿಸಲು ಯಾರೂ ದುಡ್ಡು ಕೊಡರು. ನೀರು ಮೆಟ್ಟಿಲಿಳಿಯುವ ಜಾಗಗಳನ್ನು ಮೇಲ್ದಂಡೆ ಕಟ್ಟುತ್ತಿರುವ ವಿಶ್ವೇಶ್ವರಯ್ಯ ಜಲ ನಿಗಮ ಈಗಲೇ ಅಳೆದು, ಲಾಭ ಕಾಣುವ ಕಡೆ ಪಕ್ಕದಲ್ಲೊಂದು ಕೊಳವೆಗೆ ನಕ್ಷೆಯಲ್ಲೇ ಜಾಗ ಬಿಡಲಿ.