ವೆಬ್‌ಸೈಟ್ ಹೆಸರಿಗೆ ನೋಟಿಸ್ ಬಂದರೆ ಏನು ಮಾಡಬೇಕು?

ಬಂಗಾರಪೇಟೆಯ ಪಾನಿಪುರಿ ಈಗ ಬೆಂಗಳೂರಿನಲ್ಲೂ ಹೆಸರುವಾಸಿ. ಎಷ್ಟೋ ಅಂಗಡಿಯವರು 'ಬಂಗಾರಪೇಟೆ ಚಾಟ್ಸ್' ಎಂದೇ ಬೋರ್ಡು ಹಾಕುತ್ತಾರೆ. ನಮ್ಮಲ್ಲೊಬ್ಬರು ಆ ಹೆಸರಿನಲ್ಲಿ ವೆಬ್‌ಸೈಟ್ ಮಾಡಿದರು ಎಂದಿಟ್ಟುಕೊಳ್ಳಿ. 'ಇದು ನಮ್ಮ ಟ್ರೇಡ್‌ಮಾರ್ಕ್, ಏಳು ದಿನದೊಳಗೆ ಹೆಸರು ಬಿಟ್ಟುಕೊಡಿ' ಎಂದು ವಕೀಲರ ನೋಟಿಸ್ ಬಂದರೆ? ಅಪ್ಪನ ಅಂಗಡಿಗೆ ಮಕ್ಕಳೇ ಫೋನಿನಲ್ಲಿ ವೆಬ್‌ಸೈಟ್ ಮಾಡಿಕೊಡುವ ಕಾಲವಿದು. ಕೆಜಿಎಫ್, ಬಂಗಾರಪೇಟೆಯ ಯಾರ ಮನೆಗೂ ಇಂಥ ನೋಟಿಸ್ ಬರಬಹುದು.

ಹೆದರಿ ಹೆಸರು ಬಿಡುವುದೂ ಸರಿಯಲ್ಲ, ಜಾಣತನದ ಕಥೆ ಕಟ್ಟುವುದೂ ಸರಿಯಲ್ಲ. ದಾಖಲೆ ಇಟ್ಟುಕೊಂಡು ನಿಜ ಹೇಳುವುದೇ ಸರಿಯಾದ ಉತ್ತರ ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ಬೆಂಗಳೂರಿನ ಕೋರ್ಟಿನಲ್ಲಿ ಶುರುವಾದ ಒಂದು ಮೊಕದ್ದಮೆಯೇ ಸಾಕ್ಷಿ. ಸತ್ಯಂ ಇನ್ಫೋವೇ ಕಂಪನಿ ತನ್ನ ಹೆಸರಿನಿಂದ 'ಸಿಫಿ' ಎಂಬ ಪದ ಕಟ್ಟಿ, 1999ರಲ್ಲಿ ಸಿಫಿನೆಟ್ ಮುಂತಾದ ಡೊಮೈನ್ ಹೆಸರುಗಳನ್ನು ನೋಂದಾಯಿಸಿತ್ತು. 2001ರಲ್ಲಿ ಇನ್ನೊಂದು ಕಂಪನಿ, ಇಂಗ್ಲಿಷಿನಲ್ಲಿ ಒಂದು 'ಎಫ್' ಹೆಚ್ಚಿಗೆ ಸೇರಿಸಿ, ಹೆಚ್ಚುಕಡಿಮೆ ಅದೇ ಹೆಸರು ನೋಂದಾಯಿಸಿತು. ಐವರು ಪ್ರವರ್ತಕರ ಹೆಸರುಗಳ ಮೊದಲ ಅಕ್ಷರ ಸೇರಿಸಿದ್ದೇವೆ ಎಂದು ಅದು ಉತ್ತರ ಕೊಟ್ಟಿತು. ಅಣ್ಣತಮ್ಮಂದಿರ ಹೆಸರಿನ ಅಕ್ಷರ ಜೋಡಿಸಿ ಅಂಗಡಿಗೆ ಹೆಸರಿಡುವುದು ನಮ್ಮಲ್ಲೂ ಉಂಟು. ಆದರೆ ಸುಪ್ರೀಂ ಕೋರ್ಟು ಆ ವಿವರಣೆಯನ್ನು ನಂಬಲಿಲ್ಲ. ಆ ಕಂಪನಿಯೇ ಹಾಜರುಪಡಿಸಿದ ದಾಖಲೆ ಅದಕ್ಕೆ ಹೊಂದುತ್ತಿರಲಿಲ್ಲ. ಸಿಟಿ ಸಿವಿಲ್ ಕೋರ್ಟು ಸತ್ಯಂಗೆ ಕೊಟ್ಟಿದ್ದ ತಾತ್ಕಾಲಿಕ ತಡೆಯಾಜ್ಞೆಯನ್ನು ಹೈಕೋರ್ಟು ತೆಗೆದುಹಾಕಿತ್ತು. 2004ರ ಮೇ 6ರಂದು ಸುಪ್ರೀಂ ಕೋರ್ಟು ಅದನ್ನು ಮತ್ತೆ ಜಾರಿಗೆ ತಂದಿತು. ಡೊಮೈನ್ ಹೆಸರು ಬರೀ ವಿಳಾಸವಲ್ಲ, ವ್ಯಾಪಾರದ ಗುರುತು ಎಂದೂ ಹೇಳಿತು.

ಅಕೌಂಟೆನ್ಸಿಯಲ್ಲಿ ನಾವು ಗುಡ್‌ವಿಲ್‌ಗೆ ಬೆಲೆ ಕಟ್ಟುತ್ತೇವಲ್ಲ, ಕೋರ್ಟು ಕಾಪಾಡಿದ್ದು ಅದನ್ನೇ. ನಮ್ಮ ಉರ್ದುವಿನಲ್ಲಿ ಅದು 'ಸಾಖ್'. ಒಬ್ಬರು ಗಳಿಸಿದ ಸಾಖ್ ಮೇಲೆ ಇನ್ನೊಬ್ಬರು ವ್ಯಾಪಾರ ಮಾಡುವುದು ನ್ಯಾಯವಲ್ಲ.

ಕೆನಡಾದ ಮೈಕ್ ರೋ ನಮ್ಮ ವಯಸ್ಸಿನವನು, ಹದಿನೇಳು. 2003ರಲ್ಲಿ ತನ್ನ ಹೆಸರಿಗೆ 'ಸಾಫ್ಟ್' ಸೇರಿಸಿ ಡೊಮೈನ್ ತೆಗೆದುಕೊಂಡ. ಕೇಳಿದರೆ 'ಮೈಕ್ರೋಸಾಫ್ಟ್' ಎಂದೇ ಅನಿಸುತ್ತದೆ! ಮೈಕ್ರೋಸಾಫ್ಟ್ ವಕೀಲರು ಹೆಸರು ಬಿಡಲು 10 ಡಾಲರ್ ಕೊಡುತ್ತೇವೆಂದರು. ಅವನು 10,000 ಕೇಳಿದ. ದುಡ್ಡಿಗಾಗಿಯೇ ಹೆಸರು ಹಿಡಿದಿಟ್ಟಿದ್ದಾನೆ ಎಂದು ಆರೋಪಿಸಲು ಅವರಿಗೆ ಅಷ್ಟೇ ಸಾಕಾಯಿತು. ಕೊನೆಗೆ 2004ರಲ್ಲಿ ರಾಜಿಯಾಗಿ ಹೆಸರು ಬಿಟ್ಟುಕೊಟ್ಟ.

ಹಾಗಾದರೆ ಉತ್ತರದಲ್ಲಿ ಏನಿರಬೇಕು? ಮೊದಲು, ನೋಟಿಸ್ ತೀರ್ಪಲ್ಲ ಎಂಬುದು ನೆನಪಿರಲಿ. ಡಾಟ್ ಕಾಮ್ ಹೆಸರಿನ ಬಗ್ಗೆ ವೈಪೋದಂಥ ಸಂಸ್ಥೆಗೆ ದೂರು ಹೋದರೆ ದೂರುದಾರರೇ ಮೂರು ಸಂಗತಿ ತೋರಿಸಬೇಕು: ಹೆಸರು ಗೊಂದಲವಾಗುವಷ್ಟು ಹೋಲುತ್ತದೆ, ನಿಮಗೆ ಅದರ ಮೇಲೆ ನ್ಯಾಯವಾದ ಹಕ್ಕಿಲ್ಲ, ನೀವು ಅದನ್ನು ಕೆಟ್ಟ ಉದ್ದೇಶದಿಂದ ಪಡೆದು ಬಳಸಿದ್ದೀರಿ. ಉತ್ತರಕ್ಕೆ 20 ದಿನವಿದೆ. ಸುಮ್ಮನೆ ಕೂತರೆ ನಮ್ಮ ಮಾತು ಕೇಳುವವರಿಲ್ಲ. ಅಂಗಡಿ ಶುರುವಾದ ತಾರೀಖು, ಲೈಸೆನ್ಸ್, ಹಳೆಯ ಬಿಲ್ಲುಗಳು, ಬೋರ್ಡಿನ ಫೋಟೋ ಉತ್ತರದ ಜೊತೆಗಿರಲಿ. ಹೆಸರು ಮಾರುವ ಮಾತು ಬೇಡ.

ದೊಡ್ಡವರಿಗೆ ವಕೀಲರಿದ್ದಾರೆ, ನಮಗೆ ಯಾರಿದ್ದಾರೆ ಎಂದು ಕೇಳಬಹುದು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಹರಿಗೆ ಉಚಿತ ನೆರವುಂಟು. ಮಹಿಳೆಯರಿಗೆ ಆದಾಯದ ಮಿತಿಯೂ ಇಲ್ಲ.

ಇನ್ನು ಬಂಗಾರಪೇಟೆ ಎಂಬ ಹೆಸರು ಯಾರದು? ಬರೀ ಊರಿನ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು 1999ರ ಕಾಯ್ದೆ ಸಾಮಾನ್ಯವಾಗಿ ಬಿಡುವುದಿಲ್ಲ. ಆದರೆ ಒಬ್ಬರ ಲೋಗೋ, ಒಬ್ಬರು ವರ್ಷಗಟ್ಟಲೆ ಬೆಳೆಸಿದ ವಿಶೇಷ ಹೆಸರು ಅವರದೇ. ಊರಿನ ಹೆಸರು ಹಾಕುವ ಹಕ್ಕನ್ನು ಬಿಡಬಾರದು, ಪಕ್ಕದ ಅಂಗಡಿಯ ಹೆಸರಿಗೆ ಒಂದಕ್ಷರ ಸೇರಿಸಿ ತನ್ನದೆನ್ನಲೂ ಬಾರದು. ಹೆಸರಿಡುವ ಮೊದಲೇ ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯಲ್ಲಿ ಹುಡುಕಿ ನೋಡುವುದನ್ನು ನಮ್ಮ ಕಾಮರ್ಸ್ ತರಗತಿಯಲ್ಲಿ ಒಂದು ದಿನ ಕಲಿಸಿಕೊಡಬೇಕೆಂದು ಉಪನ್ಯಾಸಕರಲ್ಲಿ ಕೋರುತ್ತೇನೆ.