ಮಕ್ಕಳಿಲ್ಲದ ಜನಕ

ಆಕ್ಸಿಜನ್ನಿಗೆ ಸಂಸ್ಕೃತದಲ್ಲಿ ಏನೆನ್ನಬೇಕು? 1850ರ ದಶಕದಲ್ಲಿ ಕಾಶಿಯಲ್ಲಿ ಇದನ್ನು ತಲೆಗೆ ಹಚ್ಚಿಕೊಂಡಿದ್ದವರು ಸ್ಕಾಟ್ಲೆಂಡಿನ ಜೇಮ್ಸ್ ಬ್ಯಾಲಂಟೈನ್. 1791ರಲ್ಲಿ ಜೊನಾಥನ್ ಡಂಕನ್ ಶುರುಮಾಡಿದ್ದ ಬನಾರಸ್ ಸಂಸ್ಕೃತ ಕಾಲೇಜಿನ ಮುಖ್ಯಸ್ಥರಾಗಿ ಅವರು 1861ರವರೆಗೆ ಅಲ್ಲಿದ್ದರು. ಇವತ್ತು ಅದು ಸಂಪೂರ್ಣಾನಂದ ಸಂಸ್ಕೃತ ವಿಶ್ವವಿದ್ಯಾಲಯ. ವರದರಾಜನ ಲಘುಕೌಮುದಿಯನ್ನು ಬ್ಯಾಲಂಟೈನ್ ಇಂಗ್ಲಿಷಿಗೆ ತಂದರು, ಪತಂಜಲಿಯ ಮಹಾಭಾಷ್ಯದ ಮೊದಲ ಭಾಗವನ್ನು ಅಚ್ಚು ಹಾಕಿಸಿದರು. ಜತೆಗೆ ಇನ್ನೊಂದು ಹಟವೂ ಇತ್ತು: ಯುರೋಪಿನ ವಿಜ್ಞಾನವನ್ನು ಪಂಡಿತರಿಗೆ ಅವರದೇ ನ್ಯಾಯಶಾಸ್ತ್ರದ ಭಾಷೆಯಲ್ಲಿ ಹೇಳಬೇಕು. ಸಂಸ್ಕೃತದಲ್ಲಿ ಒಂದು ಪದ ನೆಲೆಯಾದರೆ ಅಲ್ಲಿಂದ ದೇಶಭಾಷೆಗಳಿಗೆಲ್ಲ ತಾನಾಗಿ ಇಳಿದುಬರುತ್ತದೆ ಎಂಬ ನಂಬಿಕೆ ಅದರ ಹಿಂದಿತ್ತು.

ಹಾಗೆ ಹುಟ್ಟಿದ ಪದಗಳು ನೋಡಲಿಕ್ಕೆ ಚೆಂದ. ಆಕ್ಸಿಜನ್ ಎಂದರೆ ಪ್ರಾಣಪ್ರದ, ಹೈಡ್ರೋಜನ್ ಜಲಕರ, ನೈಟ್ರೋಜನ್ ಜೀವಾಂತಕ, ಕ್ಲೋರಿನ್ ಹರಿತ. ಒಂದೊಂದರ ಹಿಂದೆಯೂ ಲೆಕ್ಕಾಚಾರವಿದೆ. 1810ರಲ್ಲಿ ಹಂಫ್ರಿ ಡೇವಿ ಕ್ಲೋರಿನ್ನಿಗೆ ಹೆಸರಿಟ್ಟದ್ದು ಅದರ ತಿಳಿಹಸಿರು ಬಣ್ಣ ನೋಡಿ. ಗ್ರೀಕಿನ ಆ ಹಸಿರು ಇಲ್ಲಿ ಹರಿತವಾಯಿತು. ನೈಟ್ರೋಜನ್ನನ್ನು ಲವಾಸಿಯೆ ಕರೆದದ್ದು ಅಜೋಟ್ ಎಂದು, ಅಂದರೆ ಜೀವವಿಲ್ಲದ್ದು. ಜೀವಾಂತಕ ಅದರ ಛಾಯೆ.

ಪ್ರಾಣಪ್ರದದ ಕಥೆ ಬೇರೆ. ಆಕ್ಸಿಜನ್ ಎಂಬ ಹೆಸರು ಫ್ರೆಂಚ್ ರಸಾಯನಶಾಸ್ತ್ರಜ್ಞರದು. ಗ್ರೀಕಿನಲ್ಲಿ ಆಕ್ಸಿಸ್ ಎಂದರೆ ಹುಳಿ, ಚುರುಕು. ಜೆನ್ ಎಂದರೆ ಹುಟ್ಟಿಸುವುದು. ಆಮ್ಲಗಳನ್ನೆಲ್ಲ ಹುಟ್ಟಿಸುವುದು ಈ ಅನಿಲವೇ ಎಂದು ಲವಾಸಿಯೆ ನಂಬಿದ್ದರು. ಆ ನಂಬಿಕೆ ಬಿದ್ದುಹೋಯಿತು. ಉಪ್ಪಿನಿಂದ ತೆಗೆಯುವ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ನಿನ ಸುಳಿವೂ ಇಲ್ಲ ಎಂದು ಡೇವಿ ತೋರಿಸಿಕೊಟ್ಟರು. ಹೆಸರು ಸುಳ್ಳಾಯಿತು, ಆದರೆ ಹೆಸರು ಉಳಿಯಿತು. ಕಾಶಿಯ ಪದವಾದರೋ ಆಮ್ಲದ ತಂಟೆಗೇ ಹೋಗದೆ ಉಸಿರಿನ ಕಡೆಯಿಂದ ಬಂತು. ಅರ್ಥ ನೋಡಿದರೆ ಮೂಲಕ್ಕಿಂತ ನಕಲೇ ಸತ್ಯಕ್ಕೆ ಹತ್ತಿರ.

ಆದರೂ ಪ್ರಾಣಪ್ರದ ಬದುಕಲಿಲ್ಲ. ಸುಳ್ಳು ಹೇಳುವ ಆಕ್ಸಿಜನ್ ಲೋಕವನ್ನೇ ಆಳುತ್ತಿದೆ. ಇಂಗ್ಲಿಷಿನ ಹಿಂದೆ ಸಾಮ್ರಾಜ್ಯವಿತ್ತು, ಅದಕ್ಕೇ ಹೀಗಾಯಿತು ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುವುದು ಸುಲಭ, ಅದು ಸುಳ್ಳೂ ಅಲ್ಲ. ಆದರೆ ಇಂಗ್ಲಿಷ್ ಪದಗಳನ್ನು ಕಟ್ಟುವ ರೀತಿಯಲ್ಲೇ ಇನ್ನೊಂದು ಕಾರಣ ಅಡಗಿದೆ. ಕನ್ನಡಕ್ಕೆ ಕೆಲಸಕ್ಕೆ ಬರುವುದು ಅದು.

ಆಕ್ಸಿಜನ್ ಎಂದಾಗ ಇಂಗ್ಲಿಷ್ ಮಾತಾಡುವ ಮಗುವಿಗೆ ಹುಳಿ ನೆನಪಾಗುವುದಿಲ್ಲ. ಪದದ ಒಳಗಿನ ಗ್ರೀಕ್ ಅದಕ್ಕೆ ಕಾಣಿಸುವುದೇ ಇಲ್ಲ. ಅದು ಬರೀ ಒಂದು ಹೆಸರು. ಆ ಮಗುವಿಗೆ ಕಾಣಿಸುವುದು ಬೇರೆಯದು. ಆಕ್ಸ್ ಎಂಬ ತುಂಡು ಆಕ್ಸೈಡ್‌ನಲ್ಲಿದೆ, ಡೈಆಕ್ಸೈಡ್‌ನಲ್ಲಿದೆ, ಆಕ್ಸಿಡೇಶನ್‌ನಲ್ಲಿದೆ, ಆಂಟಿಆಕ್ಸಿಡೆಂಟ್‌ನಲ್ಲಿದೆ. ಒಂದನ್ನು ಕಲಿತರೆ ಉಳಿದವು ಅರ್ಧ ಕಲಿತಂತೆಯೇ. 1787ರಲ್ಲಿ ಲವಾಸಿಯೆ ಮತ್ತು ಅವರ ಮೂವರು ಜತೆಗಾರರು ಪ್ಯಾರಿಸಿನಲ್ಲಿ ಪ್ರಕಟಿಸಿದ ನಾಮಕರಣ ಪದ್ಧತಿಯ ನಿಜವಾದ ಬಲ ಹೆಸರುಗಳಲ್ಲಿರಲಿಲ್ಲ, ಪ್ರತ್ಯಯಗಳಲ್ಲಿತ್ತು. ಸಲ್ಫರ್ ಎಂಬ ಒಂದೇ ಬುಡಕ್ಕೆ ಇಕ್ ಸೇರಿದರೆ ಒಂದು ಆಮ್ಲ, ಅಸ್ ಸೇರಿದರೆ ಆಕ್ಸಿಜನ್ ಕಡಿಮೆ ಇರುವ ಇನ್ನೊಂದು ಆಮ್ಲ. ಏಟ್ ಮತ್ತು ಐಟ್ ಸೇರಿದರೆ ಆ ಎರಡರ ಲವಣಗಳು. ಪಾಣಿನಿಯನ್ನು ಓದಿದ ಕಾಶಿಯ ಯಾವ ಪಂಡಿತನಿಗೂ ಇದು ಹೊಸದಾಗಿ ಕಂಡಿರಲಾರದು. ಒಂದು ಧಾತು, ಅದಕ್ಕೆ ಕೃತ್ ಪ್ರತ್ಯಯ, ಅದರ ಮೇಲೆ ತದ್ಧಿತ. ಕೌಮುದಿಯ ಅರ್ಧಭಾಗ ಇದೇ ಸಂಸಾರ.

ಬ್ಯಾಲಂಟೈನರ ಕೈಯಲ್ಲಿ ಲೋಕದ ಅತಿ ದೊಡ್ಡ ಪ್ರತ್ಯಯ ಭಂಡಾರವೇ ಇತ್ತು. ಆದರೂ ಅವರು ಇಟ್ಟ ಹೆಸರುಗಳು ಒಂಟಿಯಾಗಿ ನಿಂತವು. ಪ್ರಾಣಪ್ರದದಿಂದ ಡೈಆಕ್ಸೈಡಿಗೆ ಹೇಗೆ ಹೋಗುವುದು? ಉಸಿರಾಡಿದರೆ ಸಾಯುವ ಕಾರ್ಬನ್ ಮೊನಾಕ್ಸೈಡಿನ ಹೆಸರಿನಲ್ಲಿ 'ಪ್ರಾಣ ಕೊಡುವ' ಎಂದು ಸೇರಿಸುವುದು ಹೇಗೆ? ಅಪ್ಪ ಅಮ್ಮ ಯಾರೆಂದು ವಿವರವಾಗಿ ಹೇಳುವ ಪದ ಅದು. ಅದರಿಂದ ಮಕ್ಕಳು ಹುಟ್ಟಲಿಲ್ಲ.

ಕಾಶಿಯಲ್ಲಿ ಈ ಕೆಲಸ ಅಲ್ಲಿಗೆ ನಿಲ್ಲಲಿಲ್ಲ. 1893ರಲ್ಲಿ ಹುಟ್ಟಿದ ನಾಗರೀ ಪ್ರಚಾರಿಣೀ ಸಭಾ 1898ರಲ್ಲಿ ಹಿಂದಿಯ ವೈಜ್ಞಾನಿಕ ಪದಕೋಶಕ್ಕೆ ಕೈಹಾಕಿ 1906ರಲ್ಲಿ ಅದನ್ನು ಹೊರತಂದಿತು. ಆಮೇಲೆ ನಾಗಪುರದಿಂದ ರಘುವೀರರು ಬಂದರು. ಮಕ್ಕಳಿಲ್ಲದ ಪದದ ತೊಂದರೆ ಅವರಿಗೆ ಚೆನ್ನಾಗಿ ಗೊತ್ತಿತ್ತು. ಅವರ ಕೋಶದಲ್ಲಿ ಆಕ್ಸಿಜನ್ ಜಾರಕ, ಆಕ್ಸೈಡ್ ಜಾರೇಯ, ಡೈಆಕ್ಸೈಡ್ ದ್ವಿಜಾರೇಯ. ಕುಟುಂಬ ಪೂರ್ತಿಯಾಗಿದೆ, ವ್ಯಾಕರಣ ಶುದ್ಧವಾಗಿದೆ. ಆದರೆ ಆ ಮನೆಗೆ ಬಾಡಿಗೆಗೂ ಯಾರೂ ಬರಲಿಲ್ಲ. ಅಂದರೆ ಬರೀ ಕುಟುಂಬವಿದ್ದರೂ ಸಾಲದು. ಬುಡದ ಪದ ಜನರ ಬಾಯಲ್ಲಿ ಆಗಲೇ ಓಡಾಡುತ್ತಿರಬೇಕು. 1961ರಲ್ಲಿ ಕೇಂದ್ರ ಸರ್ಕಾರ ರಚಿಸಿದ ಪರಿಭಾಷಾ ಆಯೋಗ ಕೊನೆಗೆ ಬಂದು ನಿಂತದ್ದು ಅಲ್ಲಿಗೇ: ಮೂಲವಸ್ತು, ಸಂಯುಕ್ತಗಳ ಅಂತರರಾಷ್ಟ್ರೀಯ ಹೆಸರು ಹಾಗೇ ಇರಲಿ, ಬೇಕಾದ ಕಡೆ ದೇಶಿ ಪ್ರತ್ಯಯ ಅಂಟಿಸಿಕೊಳ್ಳಿ. ಗಾರಂಟಿತ್, ಕೋಡ್‌ಕಾರ್ ಎಂಬ ಬೆರಕೆ ಪದಗಳಿಗೂ ಅದು ಒಪ್ಪಿಗೆ ಕೊಟ್ಟಿತು. ಇವತ್ತು ಹಿಂದಿಯಲ್ಲಿ ಓದುವ ವಾರಾಣಸಿಯ ಹುಡುಗಿಗೆ ಆಕ್ಸೀಜನ್, ಆಕ್ಸಾಇಡ್, ಆಕ್ಸೀಕರಣ್ ಎಂಬ ಮೂರು ಪದ ಸಿಗುತ್ತವೆ. ಉಪಚಯನ್ ಎಂಬ ಪದವೂ ಪಠ್ಯದಲ್ಲಿ ಇಣುಕುತ್ತದೆ ನಿಜ, ಆದರೆ ಕುಟುಂಬ ಕಣ್ಣಿಗೆ ಬೀಳುವಂತಿದೆ.

ಕನ್ನಡಕ್ಕೆ ಇದೇ ಪ್ರಶ್ನೆ 1918ರ ಹೊತ್ತಿಗೆ ಎದುರಾಯಿತು. ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು ಬೆಂಗಳೂರಿನಿಂದ 'ವಿಜ್ಞಾನ' ಎಂಬ ಪತ್ರಿಕೆ ಹೊರಡಿಸಿದರು. ಎರಡು ವರ್ಷ ನಡೆದ ಆ ಸಾಹಸವನ್ನು ಕನ್ನಡ ಮರೆಯಬಾರದು. ಮುಂದೆ ಪಠ್ಯಗಳಲ್ಲಿ ನೆಲೆಯಾದ ಹೆಸರುಗಳು ಕಾಶಿಯವಲ್ಲ, ಪ್ಯಾರಿಸಿನ ಅನುವಾದಗಳು: ಆಮ್ಲಜನಕ, ಜಲಜನಕ. ಬ್ಯಾಲಂಟೈನ್ ತಪ್ಪಿಸಿಕೊಂಡಿದ್ದ ಲವಾಸಿಯೆಯ ತಪ್ಪನ್ನು ಕನ್ನಡ ಅಕ್ಷರಶಃ ಹೊತ್ತು ತಂದಿತು. ಗ್ರೀಕಿನಲ್ಲಿ ಮುಚ್ಚಿಹೋಗಿದ್ದ ಸುಳ್ಳು ಕನ್ನಡದಲ್ಲಿ ಬಟಾಬಯಲಾಯಿತು. ಏಕೆಂದರೆ ಆಮ್ಲ ಎಂದರೇನೆಂದು ಕನ್ನಡದ ಮಗುವಿಗೆ ಗೊತ್ತು. ಆಮ್ಲಜನಕ ಆಮ್ಲವನ್ನು ಹುಟ್ಟಿಸುತ್ತದೆ ಎಂದು ಅದು ತಿಳಿದರೆ ತಪ್ಪು ಮಗುವಿನದಲ್ಲ. ಮುಂದೆ ಒಂದು ದಿನ ಮೇಷ್ಟ್ರು ಬೋರ್ಡಿನ ಮೇಲೆ ಬರೆಯುತ್ತಾರೆ: ಆಮ್ಲಗಳು ನೀರಿನಲ್ಲಿ ಜಲಜನಕದ ಅಯಾನು ಕೊಡುತ್ತವೆ. ಹಾಗಾದರೆ ಆಮ್ಲದ ಜನಕ ಯಾರು, ಜಲಜನಕವೇ ತಾನೆ? ಇತ್ತ ನೀರಿನ ತೂಕದಲ್ಲಿ ನೂರಕ್ಕೆ ಸುಮಾರು 89 ಪಾಲು ಆಮ್ಲಜನಕ. ಇಬ್ಬರ ಹೆಸರೂ ಅದಲುಬದಲಾಗಿದ್ದರೆ ಇನ್ನೂ ವಾಸಿಯಿತ್ತೇನೋ.

ಈ ಸುಳ್ಳನ್ನು ಬೇಕಾದರೆ ಕ್ಷಮಿಸಬಹುದು. ಪದದ ಒಳಗನ್ನು ದಿನಾ ಯಾರು ಬಗೆದು ನೋಡುತ್ತಾರೆ? ಕ್ಷಮಿಸಲು ಕಷ್ಟವಾದದ್ದು ಮುಂದಿನದು. ಜನಕನಿಗೆ ಮಕ್ಕಳಿಲ್ಲ. ಕನ್ನಡ ಮಾಧ್ಯಮದ ಹುಡುಗ ಓದುವ ಅನಿಲ ಆಮ್ಲಜನಕ. ಅದು ಇಂಗಾಲದೊಂದಿಗೆ ಸೇರಿದರೆ ಇಂಗಾಲದ ಡೈಆಕ್ಸೈಡ್. ಹಿಂದೆ ಇಂಗಾಲಾಮ್ಲ ಎಂಬುದಿತ್ತು, ಅದು ಹೋಯಿತು. ಹೀಗೆ ಸೇರುವ ಕ್ರಿಯೆಗೆ ಪಠ್ಯಗಳು ಬಳಸುತ್ತ ಬಂದ ಹೆಸರು ಉತ್ಕರ್ಷಣ. ಇಂಗ್ಲಿಷಿನಲ್ಲಿ ಒಂದೇ ಬುಡದಿಂದ ಬಂದ ಮೂರು ಪದಗಳಿಗೆ ಕನ್ನಡದಲ್ಲಿ ಒಬ್ಬರಿಗೊಬ್ಬರು ಪರಿಚಯವೇ ಇಲ್ಲದ ಮೂರು ಮುಖ. ಇಂಗ್ಲಿಷ್ ಶಾಲೆಯ ಮಗು ಒಂದನ್ನು ಕಲಿತು ಎರಡನ್ನು ಊಹಿಸಿದರೆ, ಇವನು ಮೂರನ್ನೂ ಬಾಯಿಪಾಠ ಮಾಡಬೇಕು. ಜತೆಗೆ ಉತ್ಕರ್ಷ ಎಂದರೆ ಏಳಿಗೆ ಎಂದು ಕನ್ನಡದ ಪಾಠದಲ್ಲಿ ಓದಿರುತ್ತಾನೆ. ಮಳೆಗೆ ಬಿಟ್ಟ ಸೈಕಲ್ಲು ತುಕ್ಕು ಹಿಡಿಯುವುದು ಯಾರ ಏಳಿಗೆಯೋ.

ಕನ್ನಡ ಮಾಧ್ಯಮದಲ್ಲಿ ವಿಜ್ಞಾನ ಕಷ್ಟ ಎಂಬ ದೂರು ಹಳೆಯದು. ಆ ಕಷ್ಟದಲ್ಲಿ ಒಂದು ಪಾಲು ವಿಜ್ಞಾನದ್ದೂ ಅಲ್ಲ, ಕನ್ನಡದ್ದೂ ಅಲ್ಲ, ಪದಗಳನ್ನು ಒಂದೊಂದಾಗಿ ಅನುವಾದಿಸಿದವರದು. ಪದಕೋಶದ ಕೆಲಸ ಹಾಗೇ ನಡೆಯುತ್ತದೆ: ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡದ ಪದ, ಮುಂದಿನ ಸಾಲು. ಅಕಾರಾದಿ ಕ್ರಮದಲ್ಲಿ ಸಾಗುವವರ ಕಣ್ಣಿಗೆ ಪಕ್ಕದ ಪದ ಕಾಣುತ್ತದೆ, ನೆಂಟ ಕಾಣುವುದಿಲ್ಲ.

ಎಲ್ಲ ಜನಕರ ಪಾಡೂ ಒಂದೇ ಅಲ್ಲ ಎಂದೂ ಹೇಳಬೇಕು. ಕಾಶಿಯಲ್ಲಿ ಜೀವಾಂತಕ ಎನಿಸಿಕೊಂಡ ಅನಿಲ ಕನ್ನಡದಲ್ಲಿ ಸಾರಜನಕ. ಮಣ್ಣಿಗೆ ಸಾರ ಕೊಡುವುದು ಎಂಬ ಅರ್ಥ ರೈತನಿಗೆ ಥಟ್ಟನೆ ಹೊಳೆಯುತ್ತದೆ. ಗೊಬ್ಬರದ ಅಂಗಡಿಯಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ಒಟ್ಟಿಗೇ ಓಡಾಡುತ್ತವೆ. ಅದಕ್ಕೆ ಒಂದು ಮಗುವೂ ಹುಟ್ಟಿತ್ತು. ಪ್ರೋಟೀನಿಗೆ ಹಳೆಯ ಪುಸ್ತಕಗಳು ಸಸಾರಜನಕ ಎನ್ನುತ್ತಿದ್ದವು. ಅದೂ ಈಗ ಕಾಣೆ. ಬೇಳೆಯಲ್ಲಿ ಪ್ರೋಟೀನ್ ಇದೆ ಎಂದೇ ಅಜ್ಜಿಯರೂ ಹೇಳುತ್ತಾರೆ. ಆಕ್ಸಿಜನ್ನಿನ ಹೆಸರಿಗೂ ದೊಡ್ಡ ಪರೀಕ್ಷೆ 2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ನಡೆದುಹೋಯಿತು. ಚಾಮರಾಜನಗರದ ಆಸ್ಪತ್ರೆಯ ಸುದ್ದಿ ಬಂದ ದಿನಗಳಲ್ಲಿ ಪತ್ರಿಕೆಗಳು ಆಮ್ಲಜನಕ ಎಂದು ಬರೆದವು, ತಲೆಬರಹಗಳು ಪ್ರಾಣವಾಯು ಎಂದವು. ಬ್ಯಾಲಂಟೈನರ ಯೋಚನೆ ಅವರನ್ನು ಓದದವರ ಕೈಯಲ್ಲಿ ಮರುಹುಟ್ಟು ಪಡೆದಿತ್ತು. ಆದರೆ ಆಸ್ಪತ್ರೆಯ ಬಾಗಿಲಲ್ಲಿ ನಿಂತವರು ಕೇಳಿದ್ದು 'ಆಕ್ಸಿಜನ್ ಇದೆಯಾ' ಎಂದೇ.

ಸಂಸ್ಕೃತ ಬೇಡ, ಅಚ್ಚಕನ್ನಡದಲ್ಲೇ ಕಟ್ಟೋಣ ಎನ್ನುವವರಿಗೆ ಗಟ್ಟಿಯಾದ ಆಸರೆ ಡಿ. ಎನ್. ಶಂಕರ ಭಟ್ಟರ ಪುಸ್ತಕಗಳು. ಕನ್ನಡಕ್ಕೆ ತನ್ನದೇ ಪದಕಟ್ಟಣೆಯ ಒಟ್ಟುಗಳಿವೆ, ಅವನ್ನು ದುಡಿಸಿಕೊಳ್ಳಿ ಎಂಬ ಅವರ ಮಾತು ಕಳೆದ ಕೆಲವು ದಶಕಗಳಲ್ಲಿ ಈ ವಿಷಯದ ಬಗ್ಗೆ ಕನ್ನಡದಲ್ಲಿ ಬಂದ ಅತ್ಯಂತ ಮುಖ್ಯ ಮಾತು. ತಕರಾರಿರುವುದು ಬುಡದ ಆಯ್ಕೆಯಲ್ಲಿ. ಕ್ರಿಯಾಪದಕ್ಕೆ ಅವರು ಎಸಕಪದ ಎಂದರು. ಎಸಕ ಹಳಗನ್ನಡದ ಸೊಗಸಾದ ಪದ, ಆದರೆ ಇವತ್ತಿನ ಓದುಗನಿಗೆ ಅದೂ ಜಾರಕದಷ್ಟೇ ದೂರ. ಶಂಕರ ಭಟ್ಟರ ಒಟ್ಟುಗಳನ್ನು ಇಟ್ಟುಕೊಂಡು ಬುಡವನ್ನು ಬೀದಿಯಿಂದ ತರಬಾರದೇಕೆ?

ಕನ್ನಡ ಅದನ್ನು ಸದ್ದಿಲ್ಲದೆ ಮಾಡುತ್ತಲೇ ಇದೆ. 'ಇಸು' ಎಂಬ ಪ್ರತ್ಯಯ ಸಂಸ್ಕೃತದ ಚಿಂತೆಯನ್ನು ಚಿಂತಿಸು ಮಾಡಿದ ಹಾಗೆಯೇ ಟೈಪನ್ನು ಟೈಪಿಸು, ಕ್ಲಿಕ್ಕನ್ನು ಕ್ಲಿಕ್ಕಿಸು ಮಾಡಿದೆ. ಮಾಸ್ಟರ್ ಮೇಷ್ಟ್ರಾಗಿ ಮೇಷ್ಟ್ರಿಕೆ ಹುಟ್ಟಿದೆ. ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದರೆ ಅರಿಸಮಾಸ ಎಂದು ಕೇಶಿರಾಜ 13ನೇ ಶತಮಾನದಲ್ಲೇ ಗದರಿದ್ದ, ಹಿಂದಿನ ಕವಿಗಳು ಬಳಸಿದ ಕೆಲವನ್ನು ಒಪ್ಪಿಯೂ ಇದ್ದ. ಇಂಗ್ಲಿಷಿಗೆ ಅಂಥ ಗದರಿಕೆ ನಾಟಲಿಲ್ಲ. ಟೆಲಿವಿಷನ್‌ನಲ್ಲಿ ಅರ್ಧ ಗ್ರೀಕ್, ಅರ್ಧ ಲ್ಯಾಟಿನ್. ಬ್ಯೂಟಿಫುಲ್‌ನಲ್ಲಿ ಫ್ರೆಂಚ್ ಬುಡಕ್ಕೆ ಇಂಗ್ಲಿಷ್ ಬಾಲ. ಬೆರಕೆಗೆ ನಾಚದಿರುವುದೇ ಅದರ ಪದಸಂಪತ್ತಿನ ಗುಟ್ಟು.

ಹಾಗಾದರೆ ಆಕ್ಸೈಡಿಸು, ಆಕ್ಸೈಡಾಗು ಎನ್ನಲು ಅಡ್ಡಿಯೇನು? ಕಿವಿಗೆ ಒರಟು ಎಂದರೆ, ಉತ್ಕರ್ಷಣ ಇಂಪಾಗಿದೆಯೇ? ಇಲ್ಲಿ ಕನ್ನಡಕ್ಕೆ ಇಂಗ್ಲಿಷಿಗಿಲ್ಲದ ಒಂದು ಅನುಕೂಲವೂ ಇದೆ. ಇಂಗ್ಲಿಷಿನ ಆಕ್ಸಿಡೈಸ್ ಎಂಬ ಒಂದೇ ಕ್ರಿಯಾಪದ ತಾನಾಗಿ ಆಗುವುದಕ್ಕೂ ಇನ್ನೊಂದು ಮಾಡುವುದಕ್ಕೂ ಸಲ್ಲುತ್ತದೆ. ಕನ್ನಡದಲ್ಲಿ ಕಬ್ಬಿಣ ಆಕ್ಸೈಡಾಗುತ್ತದೆ, ಗಾಳಿ ಅದನ್ನು ಆಕ್ಸೈಡಿಸುತ್ತದೆ. ಯಾರು ಮಾಡಿದರು, ಯಾರಿಗೆ ಆಯಿತು ಎಂಬುದು ಪದದಲ್ಲೇ ಕಾಣುತ್ತದೆ. 'ಕಬ್ಬಿಣದ ಉತ್ಕರ್ಷಣದಿಂದ ತುಕ್ಕು ಉಂಟಾಗುತ್ತದೆ' ಎಂಬ ವಾಕ್ಯದ ಪಕ್ಕದಲ್ಲಿ 'ಕಬ್ಬಿಣ ಆಕ್ಸೈಡಾಗಿ ತುಕ್ಕು ಹಿಡಿಯುತ್ತದೆ' ಎಂದು ಬರೆದು ಹತ್ತನೇ ತರಗತಿಯ ಯಾರ ಕೈಗಾದರೂ ಕೊಡಿ.

ಪಠ್ಯ ಪರಿಷ್ಕರಣೆ ಬಂದಾಗಲೆಲ್ಲ ಯಾರ ಪಾಠ ಇರಬೇಕು, ಯಾರದು ಹೋಗಬೇಕು ಎಂದು ರಾಜ್ಯವೇ ಎರಡಾಗುತ್ತದೆ. ಪುಸ್ತಕದ ಕೊನೆಯಲ್ಲಿರುವ ಪಾರಿಭಾಷಿಕ ಪದಗಳ ಪಟ್ಟಿಯ ಬಗ್ಗೆ ಯಾರೂ ಜಗಳವಾಡುವುದಿಲ್ಲ. ಆ ಪಟ್ಟಿಯನ್ನು ಅಕಾರಾದಿ ಬಿಟ್ಟು ಕುಟುಂಬವಾರು ಜೋಡಿಸಿ ಒಮ್ಮೆ ನೋಡಿದರೆ ಯಾವ ಪದಗಳು ಅನಾಥವೆಂದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಸಾರಜನಕ ಗೊಬ್ಬರದ ಅಂಗಡಿಯಲ್ಲಿ ಹಾಯಾಗಿರಲಿ, ಇಂಗಾಲವೂ ಇರಲಿ. ಅವು ಜನರ ಬಾಯಲ್ಲಿವೆ. ಆಮ್ಲಜನಕವನ್ನು ಪತ್ರಿಕೆಗಳು ಬೇಕಾದಷ್ಟು ದಿನ ಬರೆಯಲಿ. ರಸಾಯನಶಾಸ್ತ್ರದ ಪುಟದಲ್ಲಿ ಮಾತ್ರ ಆಕ್ಸಿಜನ್, ಆಕ್ಸೈಡ್, ಆಕ್ಸೈಡಾಗು ಮೂರೂ ಒಂದೇ ಸಾಲಿನಲ್ಲಿ ಕೂರಬೇಕು.