ಆರ್ಡರ್ ಬಂದ ಮನೆಯಲ್ಲಿ ವೀಸಾದ ಮಾತು

ನಮ್ಮ ಆಪಾಳ ಮಗ ಕೆಪಿಎಸ್‌ಸಿ ಪರೀಕ್ಷೆ ಬರೆದು ತಹಸೀಲ್ದಾರ್ ಹುದ್ದೆಗೆ ಆಯ್ಕೆಯಾಗಿದ್ದಾನೆ. ಮೊಹಲ್ಲಾದಲ್ಲಿ ಮಿಠಾಯಿ ಹಂಚಿಯಾಯಿತು. ಮರುದಿನವೇ ಮನೆಯ ಹಿರಿಯರೆಲ್ಲ ಕುಳಿತು ಕೇಳಿದ್ದು ಒಂದೇ ಪ್ರಶ್ನೆ: ‘ಹಾಗಾದರೆ ರಿಯಾದಿನ ಕಥೆ ಏನು?’ ಇಂಜಿನಿಯರಿಂಗ್ ಸೇರಿದ ದಿನದಿಂದಲೇ ಅವನು ಸೌದಿಗೆ ಹೋಗುವವನೆಂದು ನಿಶ್ಚಯವಾಗಿತ್ತು. ಆಪಾಳ ದೊಡ್ಡ ಅಳಿಯ ಅಲ್ಲಿದ್ದಾನೆ, ವೀಸಾದ ಮಾತಾಗಿದೆ, ಇಲ್ಲಿ ಮನೆಯ ಮೇಲಂತಸ್ತಿನ ನಕ್ಷೆಯೂ ತಯಾರಾಗಿದೆ. ಹುಡುಗ ನಮ್ಮಲ್ಲಿಗೆ ಬಂದು, ‘ಮಾಮೂ, ನೀವೇ ಹೇಳಿ’ ಎಂದ.

ಹೇಳುತ್ತೇವೆ. ಅವನಿಗಷ್ಟೇ ಅಲ್ಲ, ಅವನ ಹಿರಿಯರಿಗೂ.

ಕೊಲ್ಲಿಯ ದುಡ್ಡನ್ನು ಹಳಿಯುವ ಬಾಯಿ ನಮಗಿಲ್ಲ. ನಮ್ಮ ತಂಗಿಯರ ಮದುವೆ, ಮಸೀದಿಯ ಗಾರೆ, ಹೆಣ್ಣುಮಕ್ಕಳ ಕಾಲೇಜು ಎಲ್ಲವೂ ಆ ಬೆವರಿನದೇ. ಆದರೆ ಬೇರೆ ಗತಿಯಿಲ್ಲದೆ ಹಿಡಿದ ದಾರಿ ನಮ್ಮ ಪ್ರತಿಷ್ಠೆಯಾದದ್ದು ಯಾವಾಗ? ಆ ನೆಲ ಕೆಲಸ ಕೊಡುತ್ತದೆ, ನೆಲೆ ಕೊಡುವುದಿಲ್ಲ. 1990ರಲ್ಲಿ ಇರಾಕ್ ಕುವೈತಿಗೆ ನುಗ್ಗಿದಾಗ ಲಕ್ಷಕ್ಕೂ ಹೆಚ್ಚು ಭಾರತೀಯರು ಎಲ್ಲವನ್ನೂ ಬಿಟ್ಟು ವಿಮಾನ ಹತ್ತಿದರು. 2011ರಲ್ಲಿ ಸೌದಿ ನಿತಾಕತ್ ತಂದಿತು. 2017ರಿಂದ ಜೊತೆಯಲ್ಲಿರುವ ಹೆಂಡತಿ ಮಕ್ಕಳ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ; 2020ಕ್ಕೆ ಅದು 400. ಸಂಸಾರವನ್ನು ಊರಿಗೆ ಕಳಿಸಿದವರು ನಮ್ಮ ಓಣಿಯಲ್ಲೇ ಮೂವರಿದ್ದಾರೆ.

ಆಪಾಳನ್ನೇ ನೋಡಿ. ನಮ್ಮ ಭಾವ ದಮಾಮಿನಲ್ಲಿ ಇಪ್ಪತ್ತೆರಡು ವರ್ಷ ದುಡಿದರು. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ಕೂಡಿಸಿದರೆ ಗಂಡ ಹೆಂಡತಿ ಜೊತೆಗಿದ್ದದ್ದು ಎರಡು ವರ್ಷವೂ ಇಲ್ಲ. ಈ ಹುಡುಗ ಮೊದಲು ‘ಅಬ್ಬಾ’ ಎಂದದ್ದು ಕ್ಯಾಸೆಟ್ಟಿನಲ್ಲಿ ಬಂದ ದನಿಗೆ. ಇದನ್ನೆಲ್ಲ ಅನುಭವಿಸಿದ ಮನೆಯೇ ಮತ್ತೊಬ್ಬ ಸೊಸೆಗೆ ಅದೇ ಕಾಯುವಿಕೆಯನ್ನು ಸಿದ್ಧಪಡಿಸುತ್ತಿದೆ.

ಸರಕಾರಿ ಆರ್ಡರಿಗೇನು ಭರವಸೆ ಎಂಬುದು ಅಳಿಯನ ವಾದ. ಅದರಲ್ಲಿ ಹುರುಳಿದೆ. 2011ರ ಸಾಲಿನ 362 ಮಂದಿಯ ಆಯ್ಕೆಯನ್ನು 2014ರಲ್ಲಿ ಸರಕಾರವೇ ರದ್ದು ಮಾಡಿತು. ಅದನ್ನು ಸರಿಪಡಿಸುವ ಕಾಯ್ದೆ ಬಂದದ್ದು 2022ರಲ್ಲಿ. 2006ರ ನಂತರ ಸೇರಿದವರಿಗೆ ಹಳೆಯ ಪಿಂಚಣಿಯೂ ತಪ್ಪಿತು. ಒಪ್ಪಿದೆವು. ಆದರೆ 2023ರ ಮಾರ್ಚಿನಲ್ಲಿ ಶೇ. 4ರ ‘2ಬಿ’ ಮೀಸಲಾತಿ ತೆಗೆಯುವ ಆದೇಶ ಹೊರಟಾಗ ಬೀದಿಗಿಳಿದು ಕೂಗಿದವರು ಯಾರು? ಇಂದು ಕೈಗೆ ಬಂದ ಕುರ್ಚಿಯನ್ನು ಕಾಲಿಂದ ಸರಿಸುವವರು ಯಾರು? 2006ರ ಸಾಚಾರ್ ವರದಿ ನಮ್ಮ ಭಾಷಣಗಳಲ್ಲಿ ಸವೆದುಹೋಗಿದೆ: ಜನಸಂಖ್ಯೆಯಲ್ಲಿ ಶೇ. 13.4, ಐಎಎಸ್‌ನಲ್ಲಿ ಶೇ. 3. ಭೇದಭಾವ ಇದೆ, ಸುಳ್ಳಲ್ಲ. ಆ ಅಂಕಿಯಲ್ಲಿ ನಾವೇ ಬಿಟ್ಟುಕೊಟ್ಟ ಪಾಲು ಎಷ್ಟೆಂದು ಮಾತ್ರ ಯಾರೂ ಕೇಳುವುದಿಲ್ಲ.

ಉರ್ದು ಶಾಲೆಯಲ್ಲಿ ಕಲಿತ ನಮಗೆ ತಾಲೂಕು ಕಚೇರಿಗೆ ಹೋದಾಗಲೆಲ್ಲ ಒಂದು ವಿಚಿತ್ರ ಕಾಣುತ್ತದೆ. ಅರ್ಜಿ, ದಾಖಲೆ, ಜಮಾಬಂದಿ, ದರಖಾಸ್ತು, ತಹಸೀಲ್ದಾರ್... ನಾವು ಬಾಲ್ಯದಿಂದ ಬಲ್ಲ ಮಾತುಗಳೆಲ್ಲ ಒಳಗೆ ಕುಳಿತಿವೆ. ನಮ್ಮ ಜನ ಹೊರಗೆ ಸಾಲಿನಲ್ಲಿದ್ದಾರೆ. ನಮ್ಮವನೊಬ್ಬ ಕುಳಿತರೆ ನಮ್ಮ ಕೆಲಸ ಸಲೀಸು ಎಂದಲ್ಲ. ಅವನ ತಲೆಯಲ್ಲಿ ಅಂಥ ಲೆಕ್ಕವಿದ್ದರೆ ರಿಯಾದಿಗೇ ಹೋಗಲಿ. ಎಲ್ಲರ ಪಹಣಿಯನ್ನೂ ಒಂದೇ ಕಣ್ಣಿನಿಂದ ನೋಡುವ ಅಧಿಕಾರಿ ಆ ಊರಿನ ರೈತನಿಗೂ ಬೇಕು, ವಿಧವೆಗೂ ಬೇಕು.

ಕೆಲಸಕ್ಕೆ ಹಾಜರಾಗಲು ಇನ್ನೂ ಹದಿನೈದು ದಿನವಿದೆ. ಅವನನ್ನು ವಿಮಾನ ಹತ್ತಿಸುವ ಹಿರಿಯರು ಹತ್ತಿಸಲಿ. ನಾಳೆ ಕಚೇರಿಯ ಮೆಟ್ಟಿಲಲ್ಲಿ ನಿಂತು ‘ಒಳಗೆ ನಮ್ಮವರು ಒಬ್ಬರೂ ಇಲ್ಲವಲ್ಲ’ ಎಂದು ನಮ್ಮೆದುರು ಮಾತ್ರ ಗೊಣಗಬಾರದು.